ಸಾರಂಗ ಬರುವ ತನಕ

ಗೂಢಚಾರ ಸಾರಂಗನ ಹೊಸ ಭಾಗ ಬರುತ್ತಿದೆ ಎಂಬ ಸುದ್ದಿಯನ್ನು ನನಗೆ ಮೊದಲು ಮುಟ್ಟಿಸಿದ್ದು ನನ್ನ ಮಕ್ಕಳಲ್ಲ, ನಮ್ಮ ಶೋಭಾ ಚಿಕ್ಕಮ್ಮ. ಬೆಳಿಗ್ಗೆ ನಾನಿನ್ನೂ ಕಾಫಿ ಕುಡಿದಿರಲಿಲ್ಲ, ಫೋನಿಗೆ ಟ್ರೈಲರ್ ಕಳಿಸಿದಳು. ಅದನ್ನು ನೋಡಿ ಮುಗಿಸುವಷ್ಟು ಪುರುಸೊತ್ತೂ ಕೊಡದೆ ಕರೆ ಮಾಡಿದಳು. ಹಳೆಯ ನಟ ಈಗ ಇಲ್ಲ. ಯಾರೋ ಹೊಸ ಹುಡುಗ ಸಾರಂಗನಾಗಿದ್ದಾನೆ. ಕೋಟು ಅದೇ, ನಡಿಗೆ ಬೇರೆ. ಇಷ್ಟು ವರ್ಷ ಸುಮ್ಮನಿದ್ದ ಸಾರಂಗ ಮತ್ತೆ ಎದ್ದು ಬರುತ್ತಾನೆಂದು ನಾವಿಬ್ಬರೂ ನಂಬಿರಲಿಲ್ಲ. ಬಿಡುಗಡೆ ಯಾವಾಗ, ಚಿತ್ರದುರ್ಗಕ್ಕೆ ಮೊದಲ ದಿನವೇ ಬರುತ್ತದೋ ಇಲ್ಲವೋ ಎಂದು ನಾವು ಮಾತಾಡಿದ್ದನ್ನು ಕೇಳಿದವರು ಹೈಸ್ಕೂಲು ಹುಡುಗಿಯರು ಎಂದುಕೊಳ್ಳಬೇಕು. ವಯಸ್ಸಿಗೆ ತಕ್ಕುದಲ್ಲದ ಈ ಹುಚ್ಚಿನ ಬಗ್ಗೆ ನನಗೆ ನಾಚಿಕೆಯಿಲ್ಲ. ಒಂದು ಸಿನಿಮಾಕ್ಕಾಗಿ ಕಾಯುವುದನ್ನು ನಾನು ಕಲಿತದ್ದು ಹೊಸದುರ್ಗದ ನಮ್ಮ ಮಾಳಿಗೆ ಮನೆಯಲ್ಲಿ, ನನ್ನ ಅಜ್ಜಿ ರುದ್ರಮ್ಮನಿಂದ. ಅಷ್ಟು ದೊಡ್ಡದನ್ನು ನನಗೆ ಯಾವ ಶಾಲೆಯೂ ಕಲಿಸಲಿಲ್ಲ.

ಸಂತೆ ಮೈದಾನದ ಹಿಂದಿನ ಬೀದಿಯಲ್ಲಿತ್ತು ನಮ್ಮ ಮನೆ. ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಎಂಥ ಬೇಸಿಗೆಯಲ್ಲೂ ಒಳಗೆ ತಂಪು, ಎಂಥ ಹಗಲಲ್ಲೂ ಒಳಗೆ ಅರೆಗತ್ತಲು. ಪಡಸಾಲೆಯ ನಡುವೆ ಮಾಳಿಗೆಗೆ ಕೊರೆದ ಬೆಳಕಿಂಡಿಯೊಂದಿತ್ತು. ಮಧ್ಯಾಹ್ನ ಅದರಿಂದ ಬಿಸಿಲಿನ ಕೋಲೊಂದು ಇಳಿದು ನೆಲದ ಮೇಲೆ ನಿಲ್ಲುತ್ತಿತ್ತು. ಅಪ್ಪ ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗದ ನಡುವೆ ಓಡುವ ಖಾಸಗಿ ಬಸ್ಸಿನ ಡ್ರೈವರು. ಅವನು ಮಧ್ಯಾಹ್ನ ಬಂದು, ಆ ಬೆಳಕಿನ ಪಕ್ಕ ತಟ್ಟೆ ಇಟ್ಟುಕೊಂಡು, ಮುದ್ದೆಯನ್ನು ಹುರುಳಿಕಾಳಿನ ಸಾರಿನಲ್ಲಿ ಅದ್ದಿ ಉಂಡು, ಅಲ್ಲೇ ಗೋಡೆಗೆ ಒರಗಿ ಸ್ವಲ್ಪ ಕಣ್ಣು ಮುಚ್ಚಿ ಮತ್ತೆ ಬಸ್ಸಿಗೆ ಹೋಗುತ್ತಿದ್ದ. ಅವ್ವ ಮಾಡದಕೆರೆ ಕಡೆಯವಳು, ಕೆಲಸ ಹೆಚ್ಚು, ಮಾತು ಕಡಿಮೆ. ಮನೆಯ ಯಜಮಾನಿಕೆ ಅಜ್ಜಿಯದು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಸೊಂಟದಲ್ಲಿ ಎಲೆಯಡಿಕೆ ಚೀಲ. ಪೂಜೆ ಮುಗಿಯದೆ ನೀರೂ ಕುಡಿಯದವಳು.

ಆ ಪಡಸಾಲೆಯ ಗೋಡೆಗೆ ಸಾರಂಗನನ್ನು ತಂದು ಅಂಟಿಸಿದವನು ಅಪ್ಪನ ತಮ್ಮ, ನನ್ನ ಪ್ರಕಾಶ ಚಿಕ್ಕಪ್ಪ. ಮಿಲಿಟರಿಗೆ ಸೇರುವ ಮೊದಲೇ ಅವನಿಗೆ ಸಾರಂಗನೆಂದರೆ ಪ್ರಾಣ. ಊರಿನ ಟೆಂಟ್ ಸಿನಿಮಾದವರಿಂದ ಬೇಡಿ ತಂದ ಪೋಸ್ಟರನ್ನು ಮೈದಾ ಅಂಟು ಹಚ್ಚಿ, ಮಠದ ಕ್ಯಾಲೆಂಡರಿನ ಪಕ್ಕದಲ್ಲೇ ಅಂಟಿಸಿಬಿಟ್ಟ. ಅಜ್ಜಿ ಮನೆ ರಂಪ ಮಾಡಿದಳು. ಸ್ವಾಮಿಗಳು ಆಶೀರ್ವಾದ ಮಾಡುತ್ತಿರುವ ಪಕ್ಕದಲ್ಲಿ ಪಿಸ್ತೂಲು ಹಿಡಿದವನು ನಿಲ್ಲುವುದು ಯಾವ ಮನೆಯ ಲಕ್ಷಣ ಎಂದು ಕೇಳಿದಳು. ಪೋಸ್ಟರು ಕಿತ್ತರೆ ತಾನು ಉಣ್ಣುವುದಿಲ್ಲವೆಂದು ಚಿಕ್ಕಪ್ಪ ಕುಳಿತ. ಕೊನೆಗೆ ಅಜ್ಜಿಯೇ ಒಂದು ದಾರಿ ಹುಡುಕಿದಳು: ಪಿಸ್ತೂಲಿನ ಮೇಲೆ ಮಾತ್ರ ಪೇಪರಿನ ತುಂಡು ಅಂಟಿಸಿದಳು. ಅಂದಿನಿಂದ ನಮ್ಮ ಮನೆಯ ಸಾರಂಗ ಹುಬ್ಬು ಗಂಟಿಕ್ಕಿಕೊಂಡು, ಬಂದವರಿಗೆಲ್ಲ ಪೇಪರು ಓದಲು ಕೊಡುವವನಂತೆ ಕೈ ಚಾಚಿ ನಿಂತ. ನಾನು ಅಕ್ಷರ ಕೂಡಿಸಿ ಓದಲು ಕಲಿತದ್ದು ಆ ತುಂಡಿನ ಮೇಲಿದ್ದ ಅರ್ಧ ಸುದ್ದಿಯನ್ನು ಮತ್ತೆ ಮತ್ತೆ ಓದಿ.

ಮೂರನೆಯ ಭಾಗ ಹೊಸದುರ್ಗಕ್ಕೆ ಬಂದದ್ದು ಚಿಕ್ಕಪ್ಪನ ಮದುವೆಯಾದ ಹೊಸತರಲ್ಲಿ. ರಜೆ ಇನ್ನೇನು ಮುಗಿಯುವುದರಲ್ಲಿತ್ತು. ಹೊಸ ಹೆಂಡತಿ ಶೋಭಾ, ತುರುವನೂರಿನ ಹುಡುಗಿ, ಇನ್ನೂ ಹಸಿರು ಬಳೆ ಬಿಚ್ಚಿರಲಿಲ್ಲ. ಅವಳನ್ನೂ ನನ್ನನ್ನೂ ಅವ್ವನನ್ನೂ ಕರೆದುಕೊಂಡು ಚಿಕ್ಕಪ್ಪ ಟೆಂಟಿಗೆ ಹೋದ. ಗುಂಡಿನ ಸದ್ದು ತನಗೆ ಯಾಕೆ ಎಂದು ಅಜ್ಜಿ ಬರಲಿಲ್ಲ. ಆ ಸಿನಿಮಾದ ಕೊನೆಯಲ್ಲಿ ಸಾರಂಗನ ಕೈಗಳನ್ನು ಹಿಂದಕ್ಕೆ ಕಟ್ಟಿ, ದೊಡ್ಡದೊಂದು ಅಣೆಕಟ್ಟಿನ ಮೇಲಿಂದ ನೀರಿಗೆ ನೂಕುತ್ತಾರೆ. ನೀರು ಚಿಮ್ಮುತ್ತದೆ. ಗುಳ್ಳೆಗಳು ಏಳುತ್ತವೆ. ಗುಳ್ಳೆಗಳೂ ನಿಲ್ಲುತ್ತವೆ. ಪರದೆ ಕಪ್ಪಾಗಿ, ಸಾರಂಗ ಮತ್ತೆ ಬರುವನೇ ಎಂದಷ್ಟೇ ಬರೆದು ಮುಗಿಸಿಬಿಟ್ಟಿದ್ದರು. ದೀಪ ಹಾಕಿದರೂ ಯಾರೂ ಏಳಲಿಲ್ಲ. ಮರಳಿನ ಮೇಲೆ ಕುಳಿತವರು ಹಾಗೇ ಕುಳಿತಿದ್ದರು. ನಾನು ಉಸಿರು ಬಿಡುವುದನ್ನು ಮರೆತಿದ್ದೆನೆಂದು ಚಿಕ್ಕಪ್ಪ ಬೆನ್ನು ತಟ್ಟಿದಾಗಲೇ ಗೊತ್ತಾದದ್ದು. ಅದು ಹಿರಿಯೂರಿನ ಮಾರಿಕಣಿವೆ ಅಣೆಕಟ್ಟೇ ಎಂದು ಊರಿನಲ್ಲಿ ವಾದ ಎದ್ದಿತು. ಅಲ್ಲಿಗೆ ಎಷ್ಟೋ ಸಲ ಮದುವೆ ಟ್ರಿಪ್ಪು ಹೊಡೆದಿದ್ದ ಅಪ್ಪ, ಅಲ್ಲವೇ ಅಲ್ಲ ಎಂದ. ಯಾರೂ ಒಪ್ಪಲಿಲ್ಲ. ನಮ್ಮ ನೀರಿಗೇ ಸಾರಂಗ ಬಿದ್ದಿದ್ದಾನೆ ಎಂದು ನಂಬುವುದರಲ್ಲಿ ಎಲ್ಲರಿಗೂ ಒಂದು ಬಗೆಯ ಹೆಮ್ಮೆಯಿತ್ತು.

ಅದಾದ ವಾರದೊಳಗೆ ಚಿಕ್ಕಪ್ಪ ಗಡಿಗೆ ಹೋದ. ನಮ್ಮ ಬೀದಿಯ ತುದಿಯಲ್ಲಿದ್ದ ಕೊಬ್ಬರಿ ಮಂಡಿಯ ಫೋನಿಗೆ ಭಾನುವಾರಗಳಂದು ಕರೆ ಮಾಡುತ್ತಿದ್ದ. ಮಂಡಿಯ ಸಾಹುಕಾರರು ಒಳ್ಳೆಯವರು. ಗದ್ದಿಗೆಯಿಂದ ಎದ್ದು, ನಮ್ಮ ಮನೆಯ ಹೆಂಗಸರಿಗೆ ಜಾಗ ಬಿಟ್ಟು, ತಾವು ಹೊರಗೆ ನಿಲ್ಲುತ್ತಿದ್ದರು. ಮೇಲಕ್ಕೆ, ಹಿಮದ ಕಡೆ ಹೋಗುತ್ತಿದ್ದೇನೆ, ಅಲ್ಲಿ ಫೋನಿಲ್ಲ ಎಂದು ಒಂದು ಭಾನುವಾರ ಹೇಳಿದ. ಆಮೇಲೆ ಕರೆ ನಿಂತಿತು. ಕಾಗದವೂ ಬರಲಿಲ್ಲ. ಒಂದು ಸಂಜೆ ರೇಡಿಯೋದಲ್ಲಿ ಆ ಕಡೆ ಹಿಮ ಕುಸಿದು ಸೈನಿಕರು ಸಿಕ್ಕಿಕೊಂಡಿದ್ದಾರೆಂಬ ವಾರ್ತೆ ಬಂತು. ಹೆಸರಿಲ್ಲ, ಊರಿಲ್ಲ, ಅಷ್ಟೇ. ಶೋಭಾ ಚಿಕ್ಕಮ್ಮ ಆಗ ಬಸುರಿ. ಅವಳು ತಟ್ಟೆಯ ಮುಂದೆ ಕುಳಿತು ಮುದ್ದೆಯನ್ನು ಮುರಿದು, ಮುರಿದದ್ದನ್ನು ಮತ್ತೆ ಕೂಡಿಸಿ, ಹಾಗೇ ಎದ್ದು ಹೋಗತೊಡಗಿದಳು. ದಿನದ ಬಹುಪಾಲು ಹೊರಗಿನ ಕಟ್ಟೆಯ ಮೇಲೆ, ಮಂಡಿಯ ಬಾಗಿಲು ಕಾಣುವಂತೆ ಕುಳಿತಿರುತ್ತಿದ್ದಳು. ಕುಬುಸದ ಶಾಸ್ತ್ರ ಮುಗಿಸಿ ತವರಿಗೆ ಕರೆದೊಯ್ಯಲು ತುರುವನೂರಿನಿಂದ ಅವಳ ತಂದೆತಾಯಿ ಬಂದರು. ಅವಳು ಬರುವುದಿಲ್ಲ ಎಂದಳು. ಫೋನು ಬರುವುದು ಇಲ್ಲಿಗೆ, ತಾನು ಅಲ್ಲಿದ್ದು ಏನು ಮಾಡಲಿ ಎಂದಳು. ಅವರು ಅತ್ತರು, ಅವ್ವ ಹೇಳಿದಳು, ಅಪ್ಪ ಹೇಳಿದ. ಅವಳು ಕದಲಲಿಲ್ಲ.

ಹಿಮದ ವಾರ್ತೆ ಬಂದ ಮರುದಿನವೇ ರೇಡಿಯೋ ಬಾಯಿ ಮುಚ್ಚಿತ್ತು. ಸೆಲ್ಲು ಮುಗಿದಿದೆ ಎಂದು ಅಜ್ಜಿ ಹೇಳಿದಳು. ಹೊಸ ಸೆಲ್ಲು ತರಲು ಅಪ್ಪನಿಗೆ ಅವಳು ಯಾವತ್ತೂ ನೆನಪು ಮಾಡಲಿಲ್ಲ. ಇನ್ನೊಂದು ದಿನ ನಾನು ಶಾಲೆಯಿಂದ ಬಂದಾಗ ಕಂಡದ್ದನ್ನು ಈಗಲೂ ಕಣ್ಣು ಮುಚ್ಚಿದರೆ ಕಾಣಬಲ್ಲೆ. ಅಜ್ಜಿ ಮಣೆ ಹಾಕಿಕೊಂಡು ನಿಂತು, ಒದ್ದೆ ಬಟ್ಟೆಯಿಂದ ಪೋಸ್ಟರಿನ ಮೇಲಿನ ಪೇಪರಿನ ತುಂಡನ್ನು ನೆನೆಸಿ ನೆನೆಸಿ, ಉಗುರಿನಿಂದ ಕೆರೆದು ತೆಗೆಯುತ್ತಿದ್ದಳು. ಪಿಸ್ತೂಲು ಪೂರಾ ಹೊರಗೆ ಬಂದ ಮೇಲೆ ಕೆಳಗಿಳಿದು, ಸೆರಗಿನಿಂದ ಕೈ ಒರೆಸಿಕೊಂಡು ನನ್ನನ್ನು ಕೇಳಿದಳು:

“ಮಂಜಿ, ಈ ನಿಮ್ಮ ಸಾರಂಗ ಮುಂದಿನ್ ಪಿಚ್ಚರಿಗೆ ಯಾವಾಗ ಬರ್ತಾನಂತೆ?”

ಹತ್ತಿರ ಹತ್ತಿರ ಹತ್ತು ವರ್ಷದ ನನಗೆ ಸ್ವರ್ಗ ಕೈಗೆ ಸಿಕ್ಕಂತಾಯಿತು. ಮೂರೂ ಭಾಗಗಳ ಕತೆಯನ್ನು ಅಜ್ಜಿಗೆ ಹೇಳುವ ಕೆಲಸ ನನ್ನದಾಯಿತು. ಅವಳು ಕಡ್ಡಿ ಮುರಿದಂತೆ ಪ್ರಶ್ನೆ ಕೇಳುತ್ತಿದ್ದಳು. ಅವನಿಗೆ ಅಡುಗೆ ಮಾಡಿ ಹಾಕುವವರು ಯಾರು? ತಾಯಿ ಇದ್ದಾಳೋ ಇಲ್ಲವೋ? ಮೋಸ ಮಾಡಿದವನು ಮೊದಲಿಂದಲೂ ಕೆಟ್ಟವನೋ, ನಡುವೆ ಕೆಟ್ಟನೋ? ನಾನು ಸಿನಿಮಾದಲ್ಲಿ ಇದ್ದದ್ದಕ್ಕಿಂತ ಇಲ್ಲದ್ದನ್ನೇ ಹೆಚ್ಚು ಹೇಳಬೇಕಾಗುತ್ತಿತ್ತು. ಅಪ್ಪ ಚಿತ್ರದುರ್ಗದ ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ ನಾಲ್ಕನೆಯ ಭಾಗದ ಪೋಸ್ಟರು ಕಂಡೆನೆಂದು ಬಂದು ಹೇಳಿದ ದಿನ ನನಗೆ ಊಟ ಸೇರಲಿಲ್ಲ. ದುರ್ಗಕ್ಕೆ ಬಂದ ಸಿನಿಮಾ ನಮ್ಮೂರಿನ ಟೆಂಟಿಗೆ ಬರುವುದಕ್ಕೆ ಆಗೆಲ್ಲ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಹೊಳಲ್ಕೆರೆಗೆ ಬಂತಂತೆ, ಶ್ರೀರಾಂಪುರದ ಟೂರಿಂಗ್ ಟಾಕೀಸಿಗೆ ಹೋಯಿತಂತೆ ಎಂದು ಸುದ್ದಿ ಅಲೆಯುತ್ತಿತ್ತು. ನೋಡಿ ಬಂದವರು ಯಾರಾದರೂ ಬಾಯಿ ಬಿಟ್ಟು ಕತೆ ಹೇಳಿಬಿಟ್ಟಾರೆಂದು ನಾನು ದಾರಿಯಲ್ಲಿ ಕಿವಿ ಮುಚ್ಚಿಕೊಂಡು ಓಡುತ್ತಿದ್ದೆ. ಅಜ್ಜಿಯೂ ಕಟ್ಟಪ್ಪಣೆ ಮಾಡಿದ್ದಳು. ಬಸ್ಸಿನಲ್ಲಿ ಯಾರು ಏನು ಹೇಳಿದರೂ ಅಪ್ಪ ಅದನ್ನು ಹೊಸ್ತಿಲೊಳಗೆ ತರಕೂಡದು.

ದೀಪ ಹಚ್ಚುವ ಹೊತ್ತಿಗೆ ಮಂಡಕ್ಕಿ ಕಲಸಿ, ನಡುವೆ ಇಟ್ಟು, ಅಜ್ಜಿ ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸತೊಡಗಿದಳು. ಕೈ ಕಟ್ಟಿಸಿಕೊಂಡು ನೀರಿಗೆ ಬಿದ್ದವನು ಬದುಕಿದ್ದು ಹೇಗೆ, ಒಬ್ಬೊಬ್ಬರೂ ಹೇಳಬೇಕು. ಅಷ್ಟು ಹೊತ್ತಿಗೆ ಒಂದು ದೋಣಿ ಬಂದಿರುತ್ತದೆ ಎಂದು ನಾನು ಹೇಳಿದೆ. ಅಜ್ಜಿ ದೋಣಿಯನ್ನು ಒಪ್ಪಲಿಲ್ಲ. ಯಾರೋ ಬಂದು ಎತ್ತಿದರೆ ಅವನ ಹೆಚ್ಚುಗಾರಿಕೆ ಏನು ಬಂತು ಎಂದಳು. ಮಾತೇ ಆಡದ ನಮ್ಮವ್ವ, ಹಗ್ಗ ನೀರಲ್ಲಿ ನೆನೆದು ಸಡಿಲವಾಗುತ್ತದೆ ಎಂದಳು. ಹಗ್ಗ ನೆನೆದರೆ ಇನ್ನೂ ಬಿಗಿಯುತ್ತದೆ, ಬಸ್ಸಿನ ಮೇಲೆ ಸಾಮಾನು ಕಟ್ಟುವ ತನಗೆ ಗೊತ್ತಿಲ್ಲವೇ ಎಂದು ಅಪ್ಪ ಅವಳ ಮಾತನ್ನು ಕಡಿದ. ಅದರ ಮೇಲೆ ಗಂಡಹೆಂಡಿರ ನಡುವೆ ಎರಡು ದಿನ ಮಾತು ನಿಂತಿತು. ಚಿಕ್ಕಮ್ಮ ಮಾತ್ರ ಹೊಸ್ತಿಲಿಗೆ ಒರಗಿ, ಹೊರಗೆ ನೋಡುತ್ತ ಕುಳಿತಿರುತ್ತಿದ್ದಳು. ಅಜ್ಜಿ ಅವಳನ್ನು ಕೇಳುತ್ತಿರಲಿಲ್ಲ. ಅವಳ ಪಾಲಿನ ಮಂಡಕ್ಕಿಯನ್ನು ಮಾತ್ರ ಅವಳ ಕೈಗೆಟುಕುವಲ್ಲಿ ಇಟ್ಟು ಬರುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ, ಅಪ್ಪನೂ ಮನೆಯಲ್ಲಿದ್ದಾಗ, ಮತ್ತೆ ಅದೇ ವಾದ ನಡೆದಿತ್ತು. ಕೈ ಕಟ್ಟಿಸಿಕೊಂಡವನು ಈಜಲು ಸಾಧ್ಯವೇ ಇಲ್ಲ ಎಂದು ಅಪ್ಪ ತೀರ್ಪು ಕೊಟ್ಟ. ಹೊಸ್ತಿಲ ಕಡೆಯಿಂದ ಚಿಕ್ಕಮ್ಮನ ದನಿ ಬಂತು. ಎಷ್ಟೋ ದಿನ ಬಳಸದ ದನಿ, ಒರಟಾಗಿತ್ತು.

“ಆಗ್ತೈತೆ ಭಾವ. ನಾವು ತೋಟದ ಬಾವಿಯಾಗೆ ಹಂಗೇ ಆಡ್ತಿದ್ವಿ. ಅಂಗಾತ ಮಲಗಿ ಎದೆ ತುಂಬ ಉಸಿರು ತಗಂಡ್ರೆ ನೀರೇ ಎತ್ತಿ ಹಿಡೀತೈತೆ. ಕಾಲು ಆಡಿಸ್ತಾ ಇದ್ರೆ ಸಾಕು. ಹೆದ್ರಿಕಂಡೋರು ಮಾತ್ರ ಮುಳುಗೋದು.”

ಹೇಗೆಂದು ತೋರಿಸು ಎಂದಳು ಅಜ್ಜಿ. ಚಿಕ್ಕಮ್ಮ ಎದ್ದು ಬಂದಳು. ಭಾವನ ಎದುರು ಮಲಗುವುದು ಸರಿಯಲ್ಲವೆಂದು ತಿಳಿದ ಅಪ್ಪ ತಾನೇ ಎದ್ದು ಹಿತ್ತಲಿಗೆ ಹೋದ. ಅವಳು ಜಮಖಾನದ ಮೇಲೆ ನಿಧಾನವಾಗಿ ಕುಳಿತು, ಅಂಗಾತ ಮಲಗಿ, ಎರಡೂ ಕೈಗಳನ್ನು ಬೆನ್ನ ಕೆಳಗೆ ಸೇರಿಸಿಕೊಂಡಳು. ಬೆಳಕಿಂಡಿಯ ಬಿಸಿಲು ಅವಳ ಮೇಲೆ ಬಿದ್ದಿತ್ತು. ಮುಖ ಮೇಲಕ್ಕೆತ್ತಿ, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದುಕೊಂಡು, ಪಾದಗಳನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸತೊಡಗಿದಳು. ಆ ಬಿಸಿಲಿನಲ್ಲಿ ಧೂಳಿನ ಕಣಗಳು ತೇಲುತ್ತಿದ್ದವು, ನಡುವೆ ಅವಳ ತುಂಬಿದ ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು. ಒಂದು ಗಳಿಗೆ ನನಗೆ ನಿಜವಾಗಿಯೂ ಪಡಸಾಲೆಯ ತುಂಬ ನೀರು ನಿಂತಿದೆ, ಅವಳೂ ಒಳಗಿನ ಕೂಸೂ ಅದರ ಮೇಲೆ ತೇಲುತ್ತಿದ್ದಾರೆ ಎನ್ನಿಸಿತು. ಪರದೆಯ ಮೇಲೆ ನಾನು ಕಂಡ ಯಾವ ದೃಶ್ಯವೂ ಅದರ ಹತ್ತಿರ ಸುಳಿಯದು. ಆಮೇಲೆ ಅವಳಿಗೆ ಏಳಲು ಆಗಲಿಲ್ಲ. ಅವ್ವ ಒಂದು ಕಡೆ, ನಾನು ಒಂದು ಕಡೆ ಹಿಡಿದು ಎತ್ತುವಾಗ ಚಿಕ್ಕಮ್ಮ ನಕ್ಕಳು. ಅಂದು ಅವಳು ಎರಡು ರೊಟ್ಟಿ, ಶೇಂಗಾ ಚಟ್ನಿ ಹಾಕಿಸಿಕೊಂಡು ತಿಂದಳು. ಅಜ್ಜಿ ಅದನ್ನು ನೋಡಿಯೂ ನೋಡದವಳಂತೆ ಒಲೆಯ ಬೂದಿ ಕೆದಕುತ್ತಿದ್ದಳು.

ಅಪ್ಪನಿಗೆ ಮಾತ್ರ ಇದು ದಿನೇ ದಿನೇ ಸಹಿಸಲಾರದಾಯಿತು. ತಮ್ಮನ ಸುದ್ದಿ ತಿಳಿಯಲು ಅವನು ದುರ್ಗದ ಸೈನಿಕರ ಕಚೇರಿಗೆ ಅಲೆಯುತ್ತಿದ್ದ. ಅವರಿಗೂ ಏನೂ ಗೊತ್ತಿರಲಿಲ್ಲ. ಹಾಗೆ ಬರಿಗೈಯಲ್ಲಿ ಬಂದ ಒಂದು ದಿನ, ಪಡಸಾಲೆಯಲ್ಲಿ ಸಾರಂಗನ ಮಾತು ನಡೆಯುವುದನ್ನು ಕೇಳಿ, ತಟ್ಟೆ ತಳ್ಳಿ ಎದ್ದ. ಮಗ ಇದ್ದಾನೋ ಇಲ್ಲವೋ ಗೊತ್ತಿಲ್ಲ, ಈ ಮನೆಯಲ್ಲಿ ಸಿನಿಮಾದ ಚಿಂತೆ ಎಂದ. ಚಿಕ್ಕಮ್ಮ ಅಡುಗೆ ಕೋಣೆಯಲ್ಲಿದ್ದಳು. ಅವಳಿಗೆ ಕೇಳಿಸಿತೋ ಏನೋ. ಅಜ್ಜಿ ಎದ್ದು, ಅಪ್ಪನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಬಂದಳು. ನಾನು ಅಲ್ಲೇ ತೊಟ್ಟಿಯ ಪಕ್ಕ ಕೈ ತೊಳೆಯುತ್ತಿದ್ದೆ. ನನ್ನನ್ನು ಅವಳು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

“ಲೇ ತಿಪ್ಪೇಶಿ, ಕೇಳಿಲ್ಲಿ. ಪ್ರಕಾಶ ಯಾವಾಗ ಬರ್ತಾನೋ ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ಆ ಪಿಚ್ಚರ್ ಮಾತ್ರ ಇವತ್ತಲ್ಲ ನಾಳೆ ಬಂದೇ ಬರ್ತೈತೆ. ಬರೋದು ಗ್ಯಾರಂಟಿ ಇರೋದನ್ನ ಒಂದೀಟು ಕಾಯ್ಲಿ ಆ ಹುಡುಗಿ. ಕಾಯ್ತಾ ಕಾಯ್ತಾ ಎರಡು ತುತ್ತು ಉಣ್ತಾಳೆ.”

ಅಪ್ಪ ಒಳಗೆ ಹೋಗಿ, ತಳ್ಳಿದ ತಟ್ಟೆಯನ್ನು ತಾನೇ ಎಳೆದುಕೊಂಡು ಕುಳಿತ. ನನಗೆ ಆ ಮಾತು ಪೂರಾ ಅರ್ಥವಾಯಿತೆಂದು ಹೇಳಲಾರೆ. ಆದರೆ ಅಜ್ಜಿಗೆ ಸಾರಂಗನ ಹುಚ್ಚು ಹಿಡಿದಿದೆ ಎಂದು ಇಷ್ಟು ದಿನ ಹಿಗ್ಗಿದ್ದೆನಲ್ಲ, ಅದು ಹಾಗಲ್ಲ ಎಂದು ತಿಳಿಯಿತು. ಪಿಸ್ತೂಲು ಕಂಡರೆ ಮುಖ ತಿರುಗಿಸುತ್ತಿದ್ದ ಮುದುಕಿ, ಕಣ್ಣಿಂದ ನೋಡದ ಸಿನಿಮಾವೊಂದನ್ನು ಎತ್ತಿ ತಂದು ನಮ್ಮೆಲ್ಲರ ನಡುವೆ ಒಲೆಯ ಹಾಗೆ ಹಚ್ಚಿಟ್ಟಿದ್ದಳು. ಅಂದಿನಿಂದ ನಾನು ಅವಳನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಸಾರಂಗನನ್ನು ನೋಡುತ್ತಿದ್ದ ಕಣ್ಣಿನಿಂದ ಎಂದರೂ ಸರಿಯೇ.

ಕೊನೆಗೂ ಸಿನಿಮಾ ಬಂತು, ಅದೂ ನಮ್ಮಪ್ಪನ ಬಸ್ಸಿನಲ್ಲೇ ಬಂತು. ಹೊಳಲ್ಕೆರೆಯಲ್ಲಿ ಆಟ ಮುಗಿಸಿದ ರೀಲಿನ ಡಬ್ಬಿಗಳಿದ್ದ ತಗಡಿನ ಪೆಟ್ಟಿಗೆಯನ್ನು ಬಸ್ಸಿಗೆ ಹಾಕಿದ್ದರು. ಟೆಂಟಿನವರು ಸ್ಟ್ಯಾಂಡಿಗೆ ಬಂದಿರಲಿಲ್ಲವೆಂದು ಅಪ್ಪ ಅದನ್ನು ಕ್ಲೀನರನಿಂದ ಹೊರಿಸಿಕೊಂಡು ಮನೆಗೇ ತಂದ. ಅವನು ಉಂಡು ಏಳುವಷ್ಟು ಹೊತ್ತು ಸಾರಂಗ ನಮ್ಮ ಪಡಸಾಲೆಯಲ್ಲಿದ್ದ. ನಾನು ಆ ಪೆಟ್ಟಿಗೆಯ ಎದುರು ಕುಳಿತುಬಿಟ್ಟೆ. ಬದುಕಿದನೋ ಸತ್ತನೋ, ಎಲ್ಲವೂ ಅದರೊಳಗೆ ಸುರುಳಿ ಸುತ್ತಿಕೊಂಡು ಮಲಗಿದೆ, ನಾನು ಮುಟ್ಟಬಹುದಾದಷ್ಟು ಹತ್ತಿರ. ಮುಟ್ಟಿದೆ. ತಗಡು ಬಿಸಿಲಿಗೆ ಕಾದು ಬಿಸಿಯಾಗಿತ್ತು, ಒಳಗೆ ಏನೋ ಉಸಿರಾಡುತ್ತಿರುವ ಹಾಗೆ. ಚಿಕ್ಕಮ್ಮನೂ ಬಂದು ಪಕ್ಕದಲ್ಲಿ ಕುಳಿತು ಕೈ ಇಟ್ಟಳು. ಪಿಚ್ಚರ್ ನೋಡಿದ ಮರುದಿನ ತವರಿಗೆ ಹೋಗಬೇಕು ಎಂದು ಅಜ್ಜಿ ಅವಳಿಂದ ಆಗಲೇ ಮಾತು ತೆಗೆದುಕೊಂಡಿದ್ದಳು. ಫೋನು ಬಂದರೆ ತಾನೇ ಓಡಿಹೋಗಿ ಹಿಡಿಯುವುದಾಗಿಯೂ, ಆ ಗಳಿಗೆಗೇ ತುರುವನೂರಿಗೆ ಸುದ್ದಿ ಮುಟ್ಟಿಸುವುದಾಗಿಯೂ ಲಿಂಗ ಮುಟ್ಟಿ ಹೇಳಿದ್ದಳು.

ಟೆಂಟಿಗೆ ನಾವೆಲ್ಲ ಹೋದೆವು. ಚಿಕ್ಕಮ್ಮನಿಗೆ ಕುರ್ಚಿ, ಪಕ್ಕದಲ್ಲಿ ಅಜ್ಜಿ. ಹೆಂಗಸರ ಕಡೆ ಕಾಲಿಡಲು ಜಾಗವಿರಲಿಲ್ಲ. ದೀಪ ಆರಿತು. ಅಣೆಕಟ್ಟು ಬಂತು. ನೀರು ಬಂತು. ಗುಳ್ಳೆಗಳು ಬಂದವು. ಆಮೇಲೆ ಯಾವುದೋ ಮನೆಯಲ್ಲಿ ಸಾರಂಗ ಸಿಗರೇಟು ಹಚ್ಚಿಕೊಂಡು ನಿಂತಿದ್ದ. ನೀರಿಗೆ ಬಿದ್ದವನು ಅವನಲ್ಲವಂತೆ, ಅವನ ಹಾಗೇ ಇರುವ ಇನ್ನೊಬ್ಬನಂತೆ. ಟೆಂಟು ತುಂಬ ಶಿಳ್ಳೆ, ಚಪ್ಪಾಳೆ, ಚಿಲ್ಲರೆ ಕಾಸಿನ ಮಳೆ. ನಾನು ಚಪ್ಪಾಳೆ ತಟ್ಟಲು ಎತ್ತಿದ ಕೈ ಹಾಗೇ ನಿಂತಿತು. ಇಷ್ಟು ತಿಂಗಳು ನಾವು ಉಸಿರು ಕಟ್ಟಿ ನೀರಿನಿಂದ ಮೇಲೆತ್ತಿದವನು ನೀರಿಗೆ ಬಿದ್ದೇ ಇರಲಿಲ್ಲ. ಅಜ್ಜಿ ನನ್ನ ಕಡೆ ಬಾಗಿ, ಸುತ್ತಲಿನವರಿಗೂ ಕೇಳುವಂತೆ ಹೇಳಿದಳು:

“ನಮ್ಮ ಶೋಭಾ ಹೇಳಿದ್ದೇ ಚೆನ್ನಾಗಿತ್ತು ಬಿಡು.”

ಚಿಕ್ಕಮ್ಮ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಪರದೆಯ ಬೆಳಕು ಅವರಿಬ್ಬರ ಮುಖದ ಮೇಲೆ ಆಡುತ್ತಿತ್ತು. ಉಳಿದ ಸಿನಿಮಾವನ್ನು ನಾನು ನೋಡಿದ್ದಕ್ಕಿಂತ ಅವರನ್ನು ನೋಡಿದ್ದೇ ಹೆಚ್ಚು. ಮರುದಿನ ಅಪ್ಪ ತನ್ನ ಬಸ್ಸಿನಲ್ಲೇ, ತನ್ನ ಪಕ್ಕದ ಸೀಟಿನಲ್ಲಿ ಅವಳನ್ನು ಕೂರಿಸಿ, ಗುಂಡಿ ಬಂದಲ್ಲೆಲ್ಲ ನಡೆಸಿಕೊಂಡು ಹೋಗುವಷ್ಟು ನಿಧಾನವಾಗಿ ದುರ್ಗಕ್ಕೆ ಓಡಿಸಿದ. ಪ್ರಯಾಣಿಕರು ಗೊಣಗಿದರಂತೆ. ಅಲ್ಲಿಂದ ತುರುವನೂರಿನವರು ಕರೆದೊಯ್ದರು.

ಹೆಣ್ಣು ಕೂಸು ಹುಟ್ಟಿದ ಸುದ್ದಿ ಬಂದ ಕೆಲವೇ ದಿನಗಳಿಗೆ, ಸಂಜೆ, ಮಂಡಿಯ ಸಾಹುಕಾರರು ತಾವೇ ನಮ್ಮ ಬಾಗಿಲಿಗೆ ಬಂದರು. ಏದುಸಿರು ಬಿಡುತ್ತಿದ್ದರು. ರುದ್ರಮ್ಮನೋರೆ, ಫೋನು ಬಂದೈತೆ, ಬರ್ರಿ ಎಂದಷ್ಟೇ ಹೇಳಿದರು. ಅಜ್ಜಿ ರೊಟ್ಟಿ ತಟ್ಟುತ್ತಿದ್ದವಳು ಕೈಯ ಹಿಟ್ಟನ್ನೂ ತೊಳೆಯದೆ ಎದ್ದಳು. ಓಡಲಿಲ್ಲ. ಬೀದಿಯ ನಡುವೆ, ದಿನಾ ನಡೆಯುವ ಹಾಗೇ ನಡೆದಳು. ನಾನು ಅವಳ ಹಿಂದೆ. ಫೋನನ್ನು ಕಿವಿಗೆ ಹಿಡಿದು ಅವಳು ಮೊದಲು ಕೇಳಿದ್ದು ಇಷ್ಟೇ:

“ಉಂಡ್ಯೇನಪ್ಪ?”

ಆ ಕಡೆಯಿಂದ ಬಂದ ಉತ್ತರವನ್ನು ಕೇಳುತ್ತ ನಿಂತಳು. ದಾರಿ ತೆರೆಯಿತೆಂದೂ, ಕಾಲಿನ ಬೆರಳಿಗೆ ಹಿಮ ಹಿಡಿದು ಆಸ್ಪತ್ರೆಯಲ್ಲಿದ್ದನೆಂದೂ, ಈಗ ಪರವಾಗಿಲ್ಲವೆಂದೂ ಚಿಕ್ಕಪ್ಪ ಹೇಳಿದನಂತೆ. ಹೆಣ್ಣು ಹುಟ್ಟಿದೆ, ತಾಯಿ ಮಗು ಚೆನ್ನಾಗಿದ್ದಾರೆ, ಈಗಲೇ ತುರುವನೂರಿಗೆ ಹೇಳಿ ಕಳಿಸುತ್ತೇನೆ ಎಂದು ಅಜ್ಜಿ ಸ್ಪಷ್ಟವಾಗಿ, ಒಂದಾದ ಮೇಲೊಂದು ಹೇಳಿದಳು. ಕಪ್ಪು ಫೋನಿನ ಮೇಲೆಲ್ಲ ಹಿಟ್ಟಿನ ಬೆರಳ ಗುರುತು ಮೂಡಿತ್ತು. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟು ಹಿಂದೆ ಸರಿದಳು. ಚಿಕ್ಕಪ್ಪನ ದನಿ ಎಲ್ಲೋ ಬಾವಿಯೊಳಗಿಂದ ಬಂದಂತಿತ್ತು. ಅವನು ನನ್ನನ್ನು ಕೇಳಿದ:

“ಮಂಜಿ, ಅವ್ವ ಅಳ್ತಾ ಐತೇನೇ?”

ನಾನು ತಿರುಗಿ ನೋಡಿದೆ. ಅಜ್ಜಿ ಗೋಡೆಯ ಪಕ್ಕದಲ್ಲಿದ್ದ ಕಾಯಿ ಚೀಲಗಳ ಮೇಲೆ ಕುಳಿತಿದ್ದಳು. ಕಣ್ಣಲ್ಲಿ ಒಂದು ಹನಿಯಿರಲಿಲ್ಲ. ಇಲ್ಲ ಚಿಕ್ಕಪ್ಪ ಎಂದೆ. ಅವಳು ಎರಡೂ ಅಂಗೈಗಳನ್ನು ಮೊಣಕಾಲುಗಳ ಮೇಲೆ ಊರಿ, ಬಲವಾಗಿ ಅದುಮಿ ಹಿಡಿದುಕೊಂಡಿದ್ದಳು. ಆದರೂ ಆ ಕಾಲುಗಳು ನಿಲ್ಲುತ್ತಿರಲಿಲ್ಲ. ಚೆನ್ನಾಗಿ ಒಣಗಿದ ಕಾಯಿಯಲ್ಲಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಒಳಗೇ ಅಲ್ಲಾಡುತ್ತದೆ. ಅವಳು ಕುಳಿತ ಚೀಲದೊಳಗೆ ಆ ಕಾಯಿಗಳೆಲ್ಲ ಸಣ್ಣಗೆ, ಬಿಡದೆ, ಗುಡುಗುಡು ಎನ್ನುತ್ತಿದ್ದವು.